ಕೈಮರದ ಏರು ಹತ್ತದ ಜೀಪು

ಡಿಸೆಂಬರ್ 5ರಿಂದ ಜನವರಿ 19. ಲೆಕ್ಕ ಹಾಕಿದರೆ 46 ದಿನ. ಅಷ್ಟೂ ದಿನ ನಮ್ಮ ಜೀಪು ನೆಟ್ಟಗೆ ಏರು ಹತ್ತಲಿಲ್ಲ. ಅದೂ ಅರೇಬಿಕಾ ಕಾಫಿ ಕೊಯ್ಲಿನ ನಟ್ಟನಡುವೆ. ತೋಟ ಇರುವವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಈಗ ಗಾಡಿ ಸರಿಯಾಗಿದೆ. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. "ಎಂಜಿನ್ ಬಿಚ್ಚಬೇಕು" ಅನ್ನುವ ಮಾತು ಕೇಳಿ ಕಂಗಾಲಾದವರು ಯಾರಾದರೂ ಇದ್ದರೆ, ಬಿಚ್ಚುವ ಮುಂಚೆ ಇದನ್ನೊಮ್ಮೆ ಓದಲಿ.

ಗಾಡಿ 1994ರ ಮಹೀಂದ್ರ ಎಂಎಂ 540. ಪ್ಯೂಜೋ ಡೀಸೆಲ್ ಎಂಜಿನ್, 2112 ಸಿಸಿ, ನಾಲ್ಕು ಸಿಲಿಂಡರ್. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ, ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಅಪ್ಪ ಕೊಂಡ ಗಾಡಿ. ನಾನು ಡ್ರೈವಿಂಗ್ ಕಲಿತದ್ದೂ ಇದರಲ್ಲೇ. ಅಪ್ಪನಿಗೆ ಈಗ 79. ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ತೋಟದ ಓಡಾಟ ಪೂರ್ತಿ ನನ್ನದೇ. ನಮ್ಮ ತೋಟ ಅತ್ತಿಗುಂಡಿ ಕಡೆ. ಚಿಕ್ಕಮಗಳೂರಿನಿಂದ ಕೈಮರದವರೆಗೆ ರಸ್ತೆ ಆರಾಮ. ಕೈಮರದ ಚೆಕ್‌ಪೋಸ್ಟ್ ದಾಟಿದರೆ ಏರು ಶುರು. ಮುಳ್ಳಯ್ಯನಗಿರಿಗೆ ಹೋಗಿ ಬಂದವರು ಆ ತಿರುವುಗಳನ್ನು ಮರೆತಿರಲಿಕ್ಕಿಲ್ಲ.

ಅವತ್ತು ಕಾಫಿ ಮೂಟೆ ಊರಿಗೆ ಇಳಿಸಿ ವಾಪಸ್ ಬರುತ್ತಿದ್ದೆ. ಹಿಂದೆ ಆಳುಗಳ ರೇಷನ್ ಇತ್ತು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಅಂತ ಒಂದು ಕ್ಯಾನ್ ಡೀಸೆಲ್ ಇತ್ತು. ಅಷ್ಟೇನೂ ಭಾರ ಅಲ್ಲ. ಕೈಮರ ದಾಟಿ ಎರಡು ತಿರುವು ಆಗುತ್ತಿದ್ದಂತೆ ಮೂರನೇ ಗೇರಿನಲ್ಲಿ ಗಾಡಿ ಸೋತಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಶಬ್ದ ಏರುತ್ತಿಲ್ಲ. ಎರಡನೇ ಗೇರ್ ಹಾಕಿದೆ, ಆಮೇಲೆ ಒಂದನೆಯದು. ಕೊನೆಗೆ ಜನ ನಡೆಯುವ ವೇಗದಲ್ಲಿ ತೆವಳಿತು. ಪಕ್ಕಕ್ಕೆ ನಿಲ್ಲಿಸಿದೆ. ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದ ಹಾಗೆ ಹೊರಟಿತು. ಎರಡು ಕಿಲೋಮೀಟರ್ ಹೋದ ಮೇಲೆ ಮತ್ತೆ ಅದೇ ಕತೆ.

ಈ "ನಿಂತು ಹೊರಟರೆ ಸರಿ" ಅನ್ನುವುದನ್ನು ದಯವಿಟ್ಟು ಗಮನಿಸಿ. ಉತ್ತರ ಅದರಲ್ಲೇ ಇತ್ತು. ಅವತ್ತು ನನಗೆ ಅದು ತಿಳಿಯಲಿಲ್ಲ.

ಮನೆಗೆ ಬಂದಾಗ ಅಪ್ಪ ಕೇಳಿದ್ದು ಎರಡೇ ಮಾತು. "ಡ್ರಮ್ಮು ಮುಟ್ಟಿ ನೋಡಿದ್ಯಾ? ಹೊಗೆ ಯಾವ ಬಣ್ಣ?" ಬ್ರೇಕ್ ಹಿಡಿದುಕೊಂಡಿದ್ದರೂ ಗಾಡಿ ಎಳೆಯುವುದಿಲ್ಲ, ಎಂಜಿನ್ ತಪ್ಪೇ ಇರುವುದಿಲ್ಲ. ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ, ಯಾವುದೂ ಕಾದಿರಲಿಲ್ಲ. ಕ್ಲಚ್ ಜಾರಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇಲ್ಲಿ ಎಂಜಿನ್ನೇ ಕೂಗುತ್ತಿರಲಿಲ್ಲ. ತೋಟದ ಹುಡುಗನನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ಪೂರ್ತಿ ಒತ್ತಿಸಿ, ಬಾನೆಟ್ ಎತ್ತಿ ನೋಡಿದೆ. ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪಿನ ಲಿವರ್ ಕೊನೆಯವರೆಗೆ ಹೋಗುತ್ತಿತ್ತು. ಹೊಗೆ ಮಾತ್ರ ನಾನು ನೋಡಿರಲೇ ಇಲ್ಲ. ಏರಿನಲ್ಲಿ ಯಾರಿಗೆ ಕನ್ನಡಿ ನೋಡಲು ಪುರುಸೊತ್ತು?

ಮೊದಲ ಗ್ಯಾರೇಜು ಊರಿನಲ್ಲೇ. ಡೀಸೆಲ್ ಫಿಲ್ಟರ್ ಬದಲಿಸಿದರು. ಏರ್ ಫಿಲ್ಟರ್‌ನ ಎಣ್ಣೆ ತೆಗೆದು ತೊಳೆದು ಹೊಸ ಎಣ್ಣೆ ಹಾಕಿದರು. 1,850 ರೂಪಾಯಿ. ಎರಡು ದಿನ ಗಾಡಿ ಚೆನ್ನಾಗಿ ಓಡಿತು. ನಾನು ನೆಮ್ಮದಿಯಿಂದ ನಿದ್ದೆ ಮಾಡಿದ್ದೂ ಆ ಎರಡೇ ರಾತ್ರಿ.

ಮೂರನೇ ಸಲ ನಿಂತಿದ್ದು ಭಾನುವಾರ. ಗಿರಿಗೆ ಹೋಗುವ ಪ್ರವಾಸಿಗರ ಕಾರುಗಳು ಸಾಲಾಗಿ ಹಿಂದೆ. ಹಾರ್ನ್ ಮೇಲೆ ಹಾರ್ನ್. ಒಂದು ಕಡೆ ಗೋಡೆಯಂಥ ಬರೆ, ಇನ್ನೊಂದು ಕಡೆ ಪ್ರಪಾತ. ಪಕ್ಕಕ್ಕೆ ಸರಿಸಲೂ ಜಾಗ ಇಲ್ಲ. ಹಿಂದೆ ಐದು ಜನ ಆಳುಗಳಿದ್ದರು. ಅವರೇ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಅವತ್ತು ನನಗೆ ಕೈ ನಡುಗಿತು. ಗಾಡಿ ಹತ್ತುತ್ತದೋ ಇಲ್ಲವೋ ಗೊತ್ತಿಲ್ಲದೆ ಅಂಥ ರಸ್ತೆಗೆ ಜನರನ್ನು ಕೂರಿಸಿಕೊಂಡು ಹೋಗಬಾರದು. ಮಾರನೇ ದಿನದಿಂದ ಮೂಟೆಗೆ ಬಾಡಿಗೆ ಪಿಕಪ್ ಹೇಳಿದೆ. ಒಂದು ಟ್ರಿಪ್ಪಿಗೆ 1,800.

ಎರಡನೇ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಎಣ್ಣೆ ಹಾಕುವ ಮುಚ್ಚಳ ತೆಗೆದು, ಸ್ವಲ್ಪ ಹಬೆ ಬರುವುದನ್ನು ನೋಡಿ ತೀರ್ಪು ಕೊಟ್ಟುಬಿಟ್ಟರು. "ಬೋರ್ ಹೋಗಿದೆ ಮೇಡಂ. ಎಂಜಿನ್ ಇಳಿಸ್ಬೇಕು. ಲೈನರ್, ಪಿಸ್ಟನ್, ರಿಂಗು, ಹೆಡ್ ಕೆಲಸ ಎಲ್ಲ ಸೇರಿ 95 ಸಾವಿರ ಇಟ್ಕೊಳ್ಳಿ. ಮೂರು ವಾರ ಆಗತ್ತೆ." ಬೋರ್ ಹೋಗಿದೆ ಅಂದರೆ ಪಿಸ್ಟನ್ ಆಡುವ ಸಿಲಿಂಡರಿನ ಒಳಮೈ ಸವೆದಿದೆ ಅಂತ. ನೋಡಿದ್ದಕ್ಕೆ 500. ಮೂವತ್ತು ವರ್ಷದ ಎಂಜಿನ್, ಸ್ವಲ್ಪ ಹಬೆ ಬಂದೇ ಬರುತ್ತದೆ. ಆದರೆ ಅವತ್ತು ನನಗೆ ಎದುರು ಮಾತಾಡುವ ಧೈರ್ಯ ಇರಲಿಲ್ಲ. ಅವರು ಹೇಳಿದ್ದನ್ನೆಲ್ಲ ನನ್ನ ಮುಖ ಬಿಟ್ಟು ಜೊತೆಗಿದ್ದ ಹುಡುಗನ ಮುಖ ನೋಡಿ ಹೇಳುತ್ತಿದ್ದರು. ಅದೂ ಮನಸ್ಸಿಗೆ ಹತ್ತಿತು. ಸಂಜೆ ಚಿಕ್ಕಪ್ಪ ಫೋನ್ ಮಾಡಿ, "ಗುಜರಿ ರೇಟಿಗಾದ್ರೂ ಸರಿ, ಕೊಟ್ಬಿಡಮ್ಮ" ಅಂದರು. ಅಪ್ಪ ಅಲ್ಲೇ ಕೂತಿದ್ದರು. ಏನೂ ಅನ್ನಲಿಲ್ಲ. ಎದ್ದು ಒಳಗೆ ಹೋದರು.

ದಾರಿ ತೋರಿಸಿದ್ದು ನಾನು ನಿರೀಕ್ಷೆಯೇ ಮಾಡದಿದ್ದ ಒಂದು ಚೀಟಿ. ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್ ಮಾಡಿಸಬೇಕಲ್ಲ, ಅದರ ಅವಧಿ ಡಿಸೆಂಬರ್ 20ಕ್ಕೆ ಮುಗಿಯುತ್ತಿತ್ತು. ಹೇಗೂ ಫೇಲ್ ಆಗುತ್ತದೆ ಅಂದುಕೊಂಡೇ ಹೋದೆ. ಬೋರ್ ಹೋದ ಎಂಜಿನ್ ಹೊಗೆ ಕಾರಬೇಕಲ್ವಾ? ಈ ವಯಸ್ಸಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಅನ್ನುವ ಅಳತೆ). ನಮ್ಮದು ಬಂದಿದ್ದು 29. ಟೆಸ್ಟ್ ಮಾಡಿದ ಹುಡುಗ, "ಗಾಡಿ ಚೆನ್ನಾಗಿ ಇಟ್ಕೊಂಡಿದೀರಾ" ಅಂತ ಹೊಗಳಿದ.

ಚೀಟಿಯನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಗೆನೂ ಇಲ್ಲ, ಶಕ್ತಿನೂ ಇಲ್ಲ ಅಂದ್ರೆ ಅದಕ್ಕೆ ಊಟನೇ ಸಿಕ್ತಿಲ್ಲ ಕಣೆ" ಅಂದರು.

ಮಾರನೇ ದಿನ ಹುಡುಗನನ್ನು ಬೈಕಿನಲ್ಲಿ ಹಿಂದೆ ಬರಲು ಹೇಳಿ ಖಾಲಿ ಜೀಪಿನಲ್ಲಿ ಏರು ಹತ್ತಿದೆ. ಜೀಪು ಸೋಲುವ ಹೊತ್ತಿನಲ್ಲಿ ಹೊಗೆ ಹೇಗಿದೆ ಅಂತ ನೋಡುವುದೇ ಅವನ ಕೆಲಸ. "ಏನೂ ಬರ್ತಿಲ್ಲ ಅಕ್ಕಾ" ಅಂದ. ಡೀಸೆಲ್ ಎಂಜಿನ್ನು ಹೊಗೆಯ ಮೂಲಕ ತುಂಬ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಸಿಲಿಂಡರಿಗೆ ಡೀಸೆಲ್ ಸಿಡಿಸುವ ನಾಝಲ್ ಸೋರುತ್ತಿರಬಹುದು. ಟರ್ಬೊ ಇರುವ ಗಾಡಿಯಾದರೆ ಅದರ ಗಾಳಿ ಪೈಪು ಬಿರಿದಿರಬಹುದು. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಕಂಪ್ರೆಷನ್ನೋ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ಟೈಮಿಂಗೋ (ಡೀಸೆಲ್ ಸಿಡಿಸುವ ಹೊತ್ತು) ನೋಡಬೇಕು. ಇನ್ನು ಪೂರ್ತಿ ಒತ್ತಿದರೂ ಹೊಗೆಯೇ ಇಲ್ಲ, ಗಾಡಿಯೂ ಎಳೆಯುತ್ತಿಲ್ಲ ಅಂದರೆ ಡೀಸೆಲ್ಲೇ ಸಾಕಷ್ಟು ಬರುತ್ತಿಲ್ಲ. ಇನ್ನೊಂದು ಮಾತು. ಜನವರಿಯ ಚಳಿಯಲ್ಲೂ ನಮ್ಮ ಜೀಪು ಹೀಟರ್ (ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಒಳಗೆ ಬಿಸಿ ಮಾಡುವುದು) ಹಾಕಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ನಿಜವಾಗಿ ಬೋರ್ ಹೋದ ಡೀಸೆಲ್ ಎಂಜಿನ್ ಹಾಗೆ ಸ್ಟಾರ್ಟ್ ಆಗುವುದಿಲ್ಲ.

ಇಷ್ಟು ಗೊತ್ತಾದ ಮೇಲೂ ನಾನು ಒಂದು ತಪ್ಪು ಮಾಡಿದೆ. ಡೀಸೆಲ್ ಬರುತ್ತಿಲ್ಲ ಅಂದರೆ ಪಂಪೇ ಹೋಗಿರಬೇಕು ಅಂತ ತೀರ್ಮಾನಿಸಿ ಹಾಸನಕ್ಕೆ ಹೊರಟೆ. ಬೇಲೂರಿನ ಮೇಲೆ ಸುಮಾರು 60 ಕಿಲೋಮೀಟರ್. ಸಪಾಟು ರಸ್ತೆ, 45-50ರ ವೇಗದಲ್ಲಿ ಜೀಪು ಹಾಡಿಕೊಂಡು ಹೋಯಿತು. ಬೇಲೂರು ದಾಟಿದ ಮೇಲೆ ಒಂದು ಸಣ್ಣ ಏರಿನಲ್ಲಿ ಮಾತ್ರ ಮುಗ್ಗರಿಸಿತು. ಪಂಪ್ ಶಾಪಿನಲ್ಲಿ ಟ್ರ್ಯಾಕ್ಟರು, ಟಿಪ್ಪರುಗಳ ಪಂಪುಗಳು ಸಾಲಾಗಿ ಕೂತಿದ್ದವು. ನಾಲ್ಕು ದಿನ ಕಾಯಬೇಕು ಅಂದರು. ಗಾಡಿ ಬಿಟ್ಟು ಬಸ್ಸಿನಲ್ಲಿ ವಾಪಸ್ ಬಂದೆ.

ಅಲ್ಲಿನ ಯಜಮಾನರು ನಿಧಾನದ ಮನುಷ್ಯ. ನಾನು ಮತ್ತೆ ಹೋದಾಗ ನಾಲ್ಕೂ ನಾಝಲ್ ಬಿಚ್ಚಿ ಟೆಸ್ಟಿಂಗ್ ಮೆಷಿನ್‌ಗೆ ಹಾಕಿ ನನ್ನೆದುರೇ ಒತ್ತಿ ತೋರಿಸಿದರು. ಎರಡು ಮಂಜಿನ ಹಾಗೆ ಸಿಡಿಸಿದವು. ಇನ್ನೆರಡು ಹನಿ ಹನಿಯಾಗಿ ಉಗುಳಿದವು. ನಾಝಲ್ ತೆಗೆದಾಗಲೇ ಕಂಪ್ರೆಷನ್ ಕೂಡ ನೋಡಿದರು. ನಾಲ್ಕು ಸಿಲಿಂಡರಿನಲ್ಲೂ ಹೆಚ್ಚುಕಡಿಮೆ ಒಂದೇ ಅಳತೆ. ಬೋರ್ ಹೋಗಿದೆ ಅನ್ನುವ ಮಾತು ಅಲ್ಲಿಗೆ ಸತ್ತಿತು. ನನಗೆ ಅಳು ಬಂತು. 95 ಸಾವಿರ ಉಳಿಯಿತು ಅಂತಲ್ಲ, ಅಪ್ಪನಿಗೆ ಹೇಳಲು ಒಂದು ಒಳ್ಳೆಯ ಸುದ್ದಿ ಸಿಕ್ಕಿತಲ್ಲ ಅಂತ. ಡೀಸೆಲ್‌ಗೆ ಕಂಪ್ರೆಷನ್ ನೋಡುವ ಗೇಜು ಬೇರೆ ಇರುತ್ತದೆ, ಪೆಟ್ರೋಲ್ ಗಾಡಿಯದು ನಡೆಯುವುದಿಲ್ಲ. ಎಂಜಿನ್ ಇಳಿಸಿ ಅನ್ನುವವರನ್ನು ಮೊದಲು ಈ ಗೇಜು ಹಾಕಿ ತೋರಿಸಿ ಅಂತ ಕೇಳಿ.

ಹೊಸ ನಾಝಲ್ ಎಲ್ಲ ಸೇರಿ 7,400 ಆಯಿತು. ಪಂಪ್ ಬಿಚ್ಚಿ ಅಂತ ನಾನೇ ಹೇಳಿದೆ. ಅವರು ಒಪ್ಪಲಿಲ್ಲ. "ಬಿಚ್ಚಿದ್ರೆ ನನಗೆ ದುಡ್ಡು ಬರತ್ತಮ್ಮ. ಆದ್ರೆ ಪಂಪಿಗೆ ಡೀಸೆಲ್ ಸರಿಯಾಗಿ ಬರ್ತಿದ್ಯಾ ಅನ್ನೋದನ್ನ ನೀವು ನೋಡೇ ಇಲ್ವಲ್ಲ. ಒಂದು ಕ್ಯಾನಿಂದ ನೇರ ಕೊಟ್ಟು ಏರು ಹತ್ತಿಸಿ ನೋಡಿ. ಆಗ್ಲೂ ಎಳೀಲಿಲ್ಲ ಅಂದ್ರೆ ಬನ್ನಿ, ಬಿಚ್ತೀನಿ." ಆ ಮಾತಿಗೆ ನಾನು ಯಾವತ್ತೂ ಋಣಿ.

ಹೊಸ ನಾಝಲ್ ಹಾಕಿದ ಮೇಲೆ ಶಬ್ದ ನಯವಾಯಿತು. ಕೈಮರದ ಏರಿನಲ್ಲಿ ಮಾತ್ರ ಅದೇ ಜಾಗದಲ್ಲಿ ಅದೇ ಸೋಲು. ಅದು ಜನವರಿ 3. ಅವತ್ತು ಮನೆಯಲ್ಲಿ ಯಾರೂ ಜೀಪಿನ ಸುದ್ದಿ ಎತ್ತಲಿಲ್ಲ.

ಜನವರಿ 5ಕ್ಕೆ ಕ್ಯಾನ್ ಕಟ್ಟಿದೆವು. ಐದು ಲೀಟರಿನ ತೊಳೆದ ಕ್ಯಾನ್. ಅದರಿಂದ ಒಂದು ಪಾರದರ್ಶಕ ಪ್ಲಾಸ್ಟಿಕ್ ಪೈಪು. ಟ್ಯಾಂಕಿನಿಂದ ಬರುವ ಪೈಪನ್ನು ಎಂಜಿನ್ ಹತ್ತಿರ ಬಿಚ್ಚಿ, ಆ ಜಾಗಕ್ಕೆ ಇದನ್ನು ಕ್ಲಿಪ್ ಹಾಕಿ ಬಿಗಿದೆವು. ಕ್ಯಾನ್ ಅಲುಗಾಡದ ಹಾಗೆ ಹಗ್ಗ ಕಟ್ಟಿದೆವು. ಸೈಲೆನ್ಸರ್ ಪೈಪಿನಿಂದ ದೂರ ಇರಬೇಕು, ಇದು ಮುಖ್ಯ. ಎಂಜಿನ್‌ನಿಂದ ವಾಪಸ್ ಬರುವ ಡೀಸೆಲ್ ಟ್ಯಾಂಕಿಗೇ ಹೋಗುತ್ತಿರುತ್ತದೆ. ಹಾಗಾಗಿ ಕ್ಯಾನ್ ನೀವು ಅಂದುಕೊಂಡದ್ದಕ್ಕಿಂತ ಬೇಗ ಖಾಲಿಯಾಗುತ್ತದೆ. ಕಣ್ಣಿಟ್ಟಿರಿ.

ಪೈಪು ಬಿಚ್ಚಿದ ಮೇಲೆ ಗಾಳಿ ತೆಗೆಯದೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಫಿಲ್ಟರ್ ಮೇಲಿನ ಬೋಲ್ಟ್ ಸ್ವಲ್ಪ ಸಡಿಲಿಸಿ ಕೈ ಪಂಪ್ ಒತ್ತುತ್ತಾ ಹೋದರೆ ಮೊದಲು ನೊರೆ, ಆಮೇಲೆ ಶುದ್ಧ ಡೀಸೆಲ್ ಬರುತ್ತದೆ. ಆಗ ಬಿಗಿಯಬೇಕು. ಆದರೂ ಸ್ಟಾರ್ಟ್ ಆಗದಿದ್ದರೆ ನಾಝಲ್ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುತ್ತಾರೆ. ಆ ಡೀಸೆಲ್ ಚಿಮ್ಮುವ ಜಾಗಕ್ಕೆ ಕೈ ಒಡ್ಡಬೇಡಿ, ಚರ್ಮದೊಳಗೇ ನುಗ್ಗುತ್ತದೆ. ಹೊಸ ಕಾಮನ್ ರೈಲ್ ಗಾಡಿಗಳಲ್ಲಂತೂ (ಎಲ್ಲ ನಾಝಲ್‌ಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವಂಥವು) ಆ ನಟ್ಟು ಮುಟ್ಟಲೇಬಾರದು. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಪ್ರಾಣಕ್ಕೇ ಅಪಾಯ.

ಹೊರಟೆವು. ಕೈಮರ ದಾಟಿತು. ಮೊದಲ ತಿರುವು, ಎರಡನೆಯದು. ದಿನಾ ಸೋಲುವ ಜಾಗ ಬಂತು. ಮೂರನೇ ಗೇರಿನಲ್ಲೇ ಇದ್ದೆ. ಪೆಡಲ್ ಒತ್ತಿದೆ. ಎಂಜಿನ್ ಗಟ್ಟಿಯಾಗಿ ಕೂಗಿ ಮೇಲಕ್ಕೆ ಎಳೆಯಿತು. "ಅಕ್ಕಾ, ಹೊಗೆ ಬರ್ತಿದೆ, ಕಪ್ಪು ಹೊಗೆ!" ಅಂತ ಹುಡುಗ ಹಿಂದಿನಿಂದ ಕಿರುಚಿದ. ಆ ಹೊಗೆ ನೋಡಿ ಅಷ್ಟು ಖುಷಿಯಾದದ್ದು ನಾವಿಬ್ಬರೇ ಇರಬೇಕು.

ಐದು ಲೀಟರ್ ಡೀಸೆಲ್ಲು, ಒಂದೂವರೆ ಗಂಟೆ ಕೆಲಸ. ಎಂಜಿನ್, ಪಂಪ್, ನಾಝಲ್, ಫಿಲ್ಟರ್ ಎಲ್ಲ ಸರಿ ಇವೆ ಅಂತ ತೀರ್ಮಾನ ಆಯಿತು. ತೊಂದರೆ ಇರುವುದು ಟ್ಯಾಂಕಿನಿಂದ ಎಂಜಿನ್‌ವರೆಗಿನ ಆರೇಳು ಅಡಿಯಲ್ಲಿ. ಡಿಸೆಂಬರ್ 6ರಂದೇ ಇದನ್ನು ಮಾಡಬಹುದಿತ್ತು. ಡೀಸೆಲ್ ಕ್ಯಾನ್ ಮೊದಲ ದಿನದಿಂದಲೂ ಗಾಡಿಯ ಹಿಂದೆಯೇ ಇತ್ತು.

ಸಪಾಟಿನಲ್ಲಿ ಓಡುತ್ತದೆ, ಏರಿನಲ್ಲಿ ಸೋಲುತ್ತದೆ, ಯಾಕೆ ಹೀಗೆ? ಏರಿನಲ್ಲಿ ಎಂಜಿನ್ನಿಗೆ ಡೀಸೆಲ್ ಜಾಸ್ತಿ ಬೇಕು. ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆರೆಯಲ್ಲಿ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ ಕಟ್ಟಿಕೊಂಡಾಗ ಒಂದು ಕೊಳವೆಗೆ ನೀರು ಬರುತ್ತದೆ. ಎಲ್ಲ ಸ್ಪ್ರಿಂಕ್ಲರ್ ತಿರುಗಲಿ ಅಂದರೆ ಒಂದೂ ತಿರುಗುವುದಿಲ್ಲ. ಮೋಟರ್ ನಿಲ್ಲಿಸಿದರೆ ಎಲೆ ತಾನೇ ಕಳಚಿಕೊಳ್ಳುತ್ತದೆ, ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಚೆನ್ನಾಗಿ ಹೊಡೆಯುತ್ತದೆ. ನಮ್ಮ ಜೀಪು ಹದಿನೈದು ನಿಮಿಷ ನಿಂತು ಸರಿಯಾಗುತ್ತಿದ್ದದ್ದು ಹೀಗೆಯೇ.

ಆಮೇಲೆ ಟ್ಯಾಂಕಿನ ಪೈಪನ್ನೇ ಮತ್ತೆ ಜೋಡಿಸಿ, ನಡುವೆ ಆ ಪಾರದರ್ಶಕ ಪೈಪಿನ ತುಂಡು ಇಟ್ಟು ಏರು ಹತ್ತಿಸಿದೆವು. ಗುಳ್ಳೆ ಸತತವಾಗಿ ಓಡಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ ಲೆಕ್ಕ. ಸಡಿಲ ಕ್ಲಿಪ್ಪೋ, ಸವೆದ ವಾಷರೋ ಇರುತ್ತದೆ. ಅಂಥ ಕಡೆ ಡೀಸೆಲ್ ಹೊರಗೆ ಸೋರುವುದೇ ಇಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮದರಲ್ಲಿ ಗುಳ್ಳೆ ಅಷ್ಟಿರಲಿಲ್ಲ. ಗಾಡಿ ಸೋಲುವ ಹೊತ್ತಿಗೆ ಪೈಪು ಕೆನ್ನೆ ಒಳಗೆಳೆದುಕೊಂಡ ಹಾಗೆ ಚಪ್ಪಟೆಯಾಯಿತು. ಅಂದರೆ ಹಿಂದೆ ಏನೋ ಅಡ್ಡ ಇದೆ. ಟ್ಯಾಂಕಿನ ಮುಚ್ಚಳ ತೆಗೆದು ಓಡಿಸಿದರೂ ಅಷ್ಟೇ. ಮುಚ್ಚಳ ತೆಗೆದಾಗ 'ಸುಸ್' ಅಂತ ಗಾಳಿ ಒಳಗೆ ಹೋಗಿ ಗಾಡಿ ಸರಿಯಾದರೆ ಗಾಳಿ ಆಡುವ ತೂತು ಮುಚ್ಚಿದೆ ಅಂತ. ನಮಗೆ ಆ ಅದೃಷ್ಟ ಇರಲಿಲ್ಲ.

ಸೈಕಲ್ ಪಂಪಿನಿಂದ ಪೈಪಿನೊಳಗೆ ಟ್ಯಾಂಕಿನ ಕಡೆಗೆ ಗಾಳಿ ಊದಿದೆವು. ಒಳಗೆ ಗುಳುಗುಳು ಅಂದಿತು. ಎರಡು ದಿನ ಜೀಪು ಹುಲಿಯ ಹಾಗೆ ಓಡಿತು. ಇಲ್ಲಿ ಮೋಸಹೋಗಬೇಡಿ. ಕಸ ಪಕ್ಕಕ್ಕೆ ಸರಿದಿದೆ ಅಷ್ಟೇ, ಹೊರಗೆ ಹೋಗಿಲ್ಲ. ಮೂರನೇ ದಿನ ಮತ್ತೆ ಬಂದು ಕೂತಿತು.

ಟ್ಯಾಂಕ್ ಇಳಿಸಿದೆವು. ಒಳಗಿನದನ್ನು ಬಿಳಿ ಬೇಸಿನ್ನಿಗೆ ಸುರಿದು ನೋಡಿದರೆ ಹೊಟ್ಟೆ ತೊಳಸಿತು. ತುಕ್ಕಿನ ಪುಡಿ, ಕಪ್ಪು ಲೋಳೆ, ತಳದಲ್ಲಿ ಒಂದು ಲೋಟದಷ್ಟು ನೀರು. ಡೀಸೆಲ್ ಎಳೆಯುವ ಪೈಪಿನ ತುದಿಯ ಜಾಲರಿ ಆ ಲೋಳೆಯಿಂದ ಮುಚ್ಚಿಹೋಗಿತ್ತು. ಮಳೆಗಾಲದ ನಾಲ್ಕು ತಿಂಗಳು ಜೀಪು ಕಾಲು ಟ್ಯಾಂಕಿನಲ್ಲಿ ಶೆಡ್ಡಿನಲ್ಲೇ ನಿಂತಿರುತ್ತದೆ. ನಮ್ಮ ಕಡೆಯ ತೇವ ಖಾಲಿ ಜಾಗದಲ್ಲಿ ನೀರಾಗಿ ಇಳಿಯುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳಕ್ಕೆ ಕೂರುತ್ತದೆ. ನೀರೂ ಡೀಸೆಲ್ಲೂ ಸೇರುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ಇನ್ನು ಮೇಲೆ ಜೂನ್ ಬರುವ ಮುಂಚೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸುತ್ತೇನೆ.

ತೊಳೆಸಲು ರೇಡಿಯೇಟರ್ ಕೆಲಸದವರ ಹತ್ತಿರ ಕೊಟ್ಟೆ. ಸಣ್ಣ ಜಲ್ಲಿ, ಡೀಸೆಲ್ ಹಾಕಿ ಕುಲುಕಿ ಕುಲುಕಿ ತುಕ್ಕು ತೆಗೆದರು. 1,200. ಅಷ್ಟರಲ್ಲಿ ಸಂಕ್ರಾಂತಿ ಬಂತು, ಅಂಗಡಿ ಬಾಗಿಲು. ತೊಳೆದ ಟ್ಯಾಂಕ್ ಒಣಗಿಸಲು ಬಿಸಿಲು ಬೇಕು, ಮೇಲೆ ನಮ್ಮಲ್ಲಿ ಬೆಳಿಗ್ಗೆ ಹತ್ತರವರೆಗೂ ಮಂಜು. ಎರಡು ದಿನ ಕಣದಲ್ಲಿ ಕಾಫಿಯ ಪಕ್ಕದಲ್ಲೇ ಟ್ಯಾಂಕನ್ನೂ ಒಣಗಿಸಿದೆವು. ಟ್ಯಾಂಕ್ ತೂತಾಗಿದ್ದರೆ ನೀವೇ ವೆಲ್ಡಿಂಗ್ ಮಾಡಿಸಲು ಹೋಗಬೇಡಿ. ಖಾಲಿ ಟ್ಯಾಂಕಿನ ಆವಿ ಸಿಡಿಯುತ್ತದೆ. ಗೊತ್ತಿರುವವರಿಗೇ ಕೊಡಿ.

16ನೇ ತಾರೀಖು ಎಲ್ಲ ಜೋಡಿಸಿ ಹೊರಟರೆ ಮುಕ್ಕಾಲು ಪಾಲು ಸರಿ. ಕಾಲು ಪಾಲು ಇನ್ನೂ ಸೋಲು. ನಾನು ಸ್ಟೀರಿಂಗ್ ಮೇಲೆ ತಲೆ ಇಟ್ಟು ಕೂತುಬಿಟ್ಟೆ. ಇನ್ನು ಉಳಿದಿದ್ದು ಒಂದೇ. ಟ್ಯಾಂಕಿಗೂ ಕಬ್ಬಿಣದ ಪೈಪಿಗೂ ನಡುವಿನ ಒಂದು ಗೇಣುದ್ದದ ರಬ್ಬರ್ ಪೈಪು. ಹೊರಗಿನಿಂದ ಹೊಸದರ ಹಾಗೆ ಕಾಣುತ್ತಿತ್ತು, ಹಾಗಾಗಿ ಯಾರೂ ಮುಟ್ಟಿರಲಿಲ್ಲ. ಬಿಚ್ಚಿ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಪದರ ಊದಿಕೊಂಡು, ಒಂದು ಕಡೆ ಕಿತ್ತು ನಾಲಿಗೆಯ ಹಾಗೆ ತೂಗುತ್ತಿತ್ತು. ನಿಧಾನವಾಗಿ ಎಳೆದರೆ ಡೀಸೆಲ್ ದಾಟುತ್ತದೆ. ಜೋರಾಗಿ ಎಳೆದರೆ ಆ ನಾಲಿಗೆಯೇ ಬಂದು ದಾರಿ ಮುಚ್ಚುತ್ತದೆ. ಡೀಸೆಲ್‌ಗೆ ಅಂತಲೇ ಬರುವ ಪೈಪು, ಹೊಸ ಕ್ಲಿಪ್ಪು, ತಾಮ್ರದ ವಾಷರ್, ಎಲ್ಲಕ್ಕೂ 460 ರೂಪಾಯಿ. ಪಾರದರ್ಶಕ ಪೈಪನ್ನು ಕಾಯಂ ಆಗಿ ಬಿಡಬೇಡಿ. ಅದು ಪರೀಕ್ಷೆಗೆ ಮಾತ್ರ, ಬಿಸಿಗೆ ಮೆತ್ತಗಾಗುತ್ತದೆ.

ಖರ್ಚು ಒಟ್ಟು ಹೇಳಿಬಿಡುತ್ತೇನೆ. ಪಿಕಪ್ಪಿನ ನಾಲ್ಕು ಟ್ರಿಪ್ಪಿನ 7,200 ಸೇರಿ 18,610. ಅದರಲ್ಲಿ ನಿಜವಾದ ರೋಗಕ್ಕೆ ಖರ್ಚಾದದ್ದು 1,660. ನಾಝಲ್‌ಗೆ ಕೊಟ್ಟದ್ದು ದಂಡ ಅಂತ ನಾನು ಹೇಳುವುದಿಲ್ಲ, ಇವತ್ತಲ್ಲ ನಾಳೆ ಬದಲಿಸಲೇಬೇಕಿತ್ತು.

ಜನವರಿ 19ರಂದು ಅಪ್ಪ ತಾವೂ ಬರುತ್ತೇನೆ ಅಂದರು. ಹಿಂದೆ ರೇಷನ್ನು, ಆಳುಗಳು, ಪಕ್ಕದಲ್ಲಿ ಅಪ್ಪ. ಕೈಮರ ದಾಟಿ ಆ ತಿರುವು ಬಂದಾಗ ಅಭ್ಯಾಸಬಲದಿಂದ ನನ್ನ ಕೈ ಎರಡನೇ ಗೇರಿಗೆ ಹೋಯಿತು. ಅಪ್ಪ ಮೇಲಿಂದ ತಮ್ಮ ಕೈ ಇಟ್ಟರು. "ಬೇಡ. ಮೂರರಲ್ಲೇ ಹೋಗತ್ತೆ. ಶಬ್ದ ಕೇಳ್ತಿಲ್ವಾ?"

ಹೋಯಿತು.

ಟ್ಯಾಂಕ್ ತೊಳೆದ ಮೇಲೂ ಸ್ವಲ್ಪ ತುಕ್ಕು ಬಂದೇ ಬರುತ್ತದೆ. 300 ಕಿಲೋಮೀಟರಿಗೆ ಡೀಸೆಲ್ ಫಿಲ್ಟರ್ ಮತ್ತೆ ಬದಲಿಸಿದೆ. ಹಳೆಯದನ್ನು ಬಿಳಿ ಬೇಸಿನ್ನಿಗೆ ಸುರಿದಾಗ ತಳದಲ್ಲಿ ಚಿಟಿಕೆಯಷ್ಟು ಕೆಂಪು ಪುಡಿ ಇತ್ತು, ಲೋಳೆ ಇರಲಿಲ್ಲ. ಇನ್ನೊಂದು ಫಿಲ್ಟರ್ ತಂದು ಡ್ಯಾಶ್‌ಬೋರ್ಡ್ ಕೆಳಗೆ ಇಟ್ಟಿದ್ದೇನೆ. ಸೀಳಿದ ಆ ರಬ್ಬರ್ ಪೈಪು ಶೆಡ್ಡಿನ ಮೊಳೆಗೆ ತೂಗುತ್ತಿದೆ.